ಆ ಜ್ವರ ಚಿಕ್ಕಮ್ಮ ತಂದದ್ದಲ್ಲ

ನಮ್ಮ ಮನೆ ಫ್ರಿಜ್ಜಿನ ಮೇಲೆ ಒಂದು ಇನ್ನೂರು ಪೇಜಿನ ನೋಟ್‌ಬುಕ್ ಇದೆ. ರಟ್ಟು ಅರ್ಧ ಕಿತ್ತುಬಂದಿದೆ, ಮೂಲೆಯಲ್ಲಿ ಸಾರಿನ ಕಲೆ. ತೆಗೆದು ನೋಡಿದರೆ ಬರೀ ಅಂಕಿಗಳು. ಬೆಳಗ್ಗೆ 6ಕ್ಕೆ 97.8. ಹತ್ತಕ್ಕೆ 98.2. ಮಧ್ಯಾಹ್ನ 2ಕ್ಕೆ 98.6. ಅಣ್ಣನಿಗೆ ಕಿಮೋ ನಡೆದ ಅಷ್ಟೂ ತಿಂಗಳು ದಿನಕ್ಕೆ ಐದಾರು ಸಲ ಹೀಗೆ ಬರೆದಿದ್ದೇವೆ. ಕೆಲವು ಕಡೆ ನನ್ನ ಅಕ್ಷರ, ಕೆಲವು ಕಡೆ ಅತ್ತಿಗೆಯದು, ಅಲ್ಲಲ್ಲಿ ಅಮ್ಮನ ದುಂಡು ದುಂಡಗಿನ ಅಂಕಿಗಳು. ಒಂದು ಪುಟದಲ್ಲಿ ಮಾತ್ರ ರಾತ್ರಿ 12.50ಕ್ಕೆ 100.9 ಅಂತ ಬರೆದಿದೆ, ಅದರ ಕೆಳಗೆ ಪೂರ್ತಿ ಖಾಲಿ.

ಪರಿಚಯದವರ ಮನೆಯಲ್ಲಿ ಯಾರಿಗಾದರೂ ಬ್ಲಡ್ ಕ್ಯಾನ್ಸರ್ ಅಂತ ಗೊತ್ತಾದರೆ ಯಾರೋ ನನ್ನ ನಂಬರ್ ಕೊಡುತ್ತಾರೆ. ಫೋನ್ ಮಾಡಿದವರು ಕೇಳುವುದು ಹೆಚ್ಚುಕಡಿಮೆ ಒಂದೇ. ಏನು ತಿನ್ನಿಸಬೇಕು, ಯಾರನ್ನು ಮನೆಗೆ ಬಿಡಬಾರದು, ಪಪ್ಪಾಯ ಎಲೆ ರಸ ಕೊಡಬಹುದಾ. ಜ್ವರದ ಬಗ್ಗೆ ಯಾರೂ ಕೇಳುವುದಿಲ್ಲ. ನಾವೂ ಕೇಳಿರಲಿಲ್ಲ. ಅದಕ್ಕೇ ಆ ಖಾಲಿ ಪುಟದ ಕಥೆಯನ್ನು ಒಂದು ಸಲ ಬರೆದುಬಿಡೋಣ ಅನ್ನಿಸಿತು.

ನಮ್ಮದು ಅರಸೀಕೆರೆ ಕಡೆ. ಅಣ್ಣನದು ಕೊಬ್ಬರಿ ವ್ಯಾಪಾರ. ನಲವತ್ತೆರಡು ವಯಸ್ಸು, ಮೂಟೆ ಹೊತ್ತವನು, ಒಂದು ದಿನ ಮಲಗಿದ್ದನ್ನು ನಾನು ನೋಡಿಲ್ಲ. ಅಂಥವನು ಮೆಟ್ಟಿಲು ಹತ್ತುವಾಗ ಏದುಸಿರು ಬಿಡೋಕೆ ಶುರು ಮಾಡಿದ. ಹಲ್ಲುಜ್ಜಿದರೆ ವಸಡಿನಲ್ಲಿ ರಕ್ತ. ಅಲ್ಲೇ ಊರಲ್ಲಿ ರಕ್ತ ಪರೀಕ್ಷೆ ಮಾಡಿಸಿದಾಗ ಬಿಳಿ ರಕ್ತಕಣ 86,000 ಅಂತ ಬಂತು. ಮಾಮೂಲಿಯಾಗಿ ಇರಬೇಕಾದದ್ದು ನಾಲ್ಕರಿಂದ ಹನ್ನೊಂದು ಸಾವಿರ. ನಮ್ಮ ಮಾವನೊಬ್ಬರು ರಿಪೋರ್ಟ್ ನೋಡಿ, "ಬಿಳಿ ಕಣ ಅಂದ್ರೆ ಸೈನಿಕರು ಅಲ್ವಾ, ಜಾಸ್ತಿ ಇದ್ರೆ ಒಳ್ಳೇದೇ ತಾನೆ" ಅಂದಿದ್ದರು. ಕೇಳೋಕೆ ಸರಿ ಅನ್ನಿಸುತ್ತೆ. ಆದರೆ ಆ 86 ಸಾವಿರದಲ್ಲಿ ಮುಕ್ಕಾಲು ಪಾಲು ಬಲಿಯದ ಕಣಗಳು, ಕೆಲಸಕ್ಕೆ ಬಾರದವು. ಮೂಳೆಯೊಳಗಿನ ಮಜ್ಜೆಯಲ್ಲಿ ಅವೇ ತುಂಬಿಕೊಂಡು ಒಳ್ಳೆಯವಕ್ಕೆ ಹುಟ್ಟೋಕೆ ಜಾಗವೇ ಇಲ್ಲ. ಅಂದರೆ ಕಿಮೋ ಶುರುವಾಗುವ ಮೊದಲೇ ಅಣ್ಣನ ಮೈಯಲ್ಲಿ ಕಾವಲು ಇರಲಿಲ್ಲ.

ಆಮೇಲೆ ಬೆಂಗಳೂರು. ಅಲ್ಲಿ ಎಎಂಎಲ್ ಅಂದರು, ಬೇಗ ಬೇಗ ಹಬ್ಬುವ ಒಂದು ಬಗೆಯ ಬ್ಲಡ್ ಕ್ಯಾನ್ಸರ್. ಮೊದಲನೇ ಕಿಮೋಗೆ ಆಸ್ಪತ್ರೆಯವರು ಸೆವೆನ್ ಪ್ಲಸ್ ಥ್ರೀ ಅನ್ನುತ್ತಾರೆ. ಏಳು ದಿನ ಸೈಟಾರಬಿನ್ ಹಗಲೂ ರಾತ್ರಿ ಹನಿಹನಿಯಾಗಿ, ಅದರಲ್ಲಿ ಮೂರು ದಿನ ಡೌನೊರೂಬಿಸಿನ್ ಅನ್ನೋ ಕೆಂಪು ಬಣ್ಣದ ಔಷಧಿ. ಇದು ಕೆಟ್ಟ ಕಣ ಯಾವುದು ಒಳ್ಳೆಯದು ಯಾವುದು ಅಂತ ಆರಿಸಿ ಕೊಲ್ಲುವ ಔಷಧಿಯಲ್ಲ, ಬೇಗ ಬೇಗ ಬೆಳೆಯುವ ಎಲ್ಲವನ್ನೂ ಹೊಡೆಯುತ್ತೆ. ಹೊಲ ಪೂರ್ತಿ ಉತ್ತು ಕಳೆ ತೆಗೆದ ಹಾಗೆ. ಆಮೇಲೆ ಹೊಸ ಪೈರು ಬರೋ ತನಕ ಹೊಲ ಬೋಳು. ಆ ಬೋಳು ದಿನಗಳು ಎರಡರಿಂದ ಮೂರು ವಾರ. ವಾರ್ಡಿನಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು, "ಕೌಂಟ್ ಎಷ್ಟು ಬಂತು?" ಕಾಫಿ ಆಯ್ತಾ ಅಂತ ಕೇಳಿದ ಹಾಗೆ.

ಆ ಕೌಂಟಿನ ಲೆಕ್ಕ ಹೇಳಿಬಿಡ್ತೀನಿ, ಯಾಕಂದ್ರೆ ರಿಪೋರ್ಟಿನಲ್ಲಿ ಅದನ್ನು ಎಷ್ಟೋ ಸಲ ನೇರವಾಗಿ ಬರೆದಿರುವುದಿಲ್ಲ. ಬಿಳಿ ಕಣಗಳಲ್ಲಿ ನ್ಯೂಟ್ರೋಫಿಲ್ ಅಂತ ಒಂದು ಜಾತಿ. ಬ್ಯಾಕ್ಟೀರಿಯಾ, ಬೂಷ್ಟು ಇವುಗಳ ಮೇಲೆ ಮೊದಲು ಬೀಳುವುದು ಇವೇ. ಒಟ್ಟು ಬಿಳಿ ಕಣ 1,200 ಇದ್ದು ಅದರಲ್ಲಿ ನ್ಯೂಟ್ರೋಫಿಲ್ 30 ಪರ್ಸೆಂಟ್ ಅಂತಿದ್ದರೆ 360. ಇದನ್ನೇ ಎಎನ್‌ಸಿ ಅನ್ನುತ್ತಾರೆ. 1,500ಕ್ಕಿಂತ ಮೇಲಿದ್ದರೆ ಚಿಂತೆ ಇಲ್ಲ. 500ಕ್ಕಿಂತ ಕೆಳಗೆ ಬಂದರೆ ಅಪಾಯ. 100ಕ್ಕಿಂತ ಕೆಳಗೆ ಅಂದರೆ ಬಾಗಿಲು ತೆಗೆದಿಟ್ಟು ಮಲಗಿದ ಹಾಗೆ. ಈ ಲೆಕ್ಕ ಸುಮ್ನೆ ಯಾರೋ ಇಟ್ಟದ್ದಲ್ಲ. 1966ರಲ್ಲಿ ಅಮೆರಿಕದ ಜೆರಾಲ್ಡ್ ಬೋಡಿ ಮತ್ತು ಜೊತೆಯವರು 52 ಲ್ಯುಕೇಮಿಯಾ (ಬ್ಲಡ್ ಕ್ಯಾನ್ಸರ್) ರೋಗಿಗಳ ಕೌಂಟು, ಸೋಂಕು ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರು. ಕೌಂಟ್ ಎಷ್ಟು ಕೆಳಗೆ ಹೋಗುತ್ತೋ, ಎಷ್ಟು ದಿನ ಕೆಳಗೇ ಇರುತ್ತೋ, ಸೋಂಕು ಅಷ್ಟು ಜಾಸ್ತಿ ಅಂತ ತೋರಿಸಿದ್ದು ಅವರು. ಬರೆದವರ ಪಟ್ಟಿಯಲ್ಲಿ ಸಾಠೆ ಅಂತ ಒಂದು ಹೆಸರು ನೋಡಿ ನನಗೆ ಸುಮ್ನೆ ಖುಷಿಯಾಗಿತ್ತು. ಅಣ್ಣನ ಕೌಂಟ್ ಹನ್ನೆರಡನೇ ದಿನ 20ಕ್ಕೆ ಇಳಿಯಿತು. ಇಪ್ಪತ್ತು ಸಾವಿರ ಅಲ್ಲ, ಬರೀ ಇಪ್ಪತ್ತು.

ಇಲ್ಲಿ ನನಗೆ ತಲೆಗೆ ಹತ್ತೋಕೆ ತುಂಬಾ ದಿನ ಹಿಡಿದ ವಿಷಯ ಒಂದಿದೆ. ಗಾಯಕ್ಕೆ ಸೋಂಕು ತಗುಲಿದರೆ ಕೆಂಪಾಗುತ್ತೆ, ಊದುತ್ತೆ, ಕೀವು ಕಟ್ಟುತ್ತೆ ಅಂತ ನಮಗೆ ಗೊತ್ತು. ಆದರೆ ಕೀವು ಅಂದರೆ ಏನು? ಕ್ರಿಮಿಗಳ ಜೊತೆ ಹೊಡೆದಾಡಿ ಸತ್ತ ನ್ಯೂಟ್ರೋಫಿಲ್‌ಗಳ ರಾಶಿ. ಕೆಂಪು, ಬಾವು ಇವೂ ಬಹುಪಾಲು ಅವೇ ಮಾಡುವ ಗಲಾಟೆ. ಅವೇ ಇಲ್ಲದಿದ್ದರೆ ಕೀವು ಎಲ್ಲಿಂದ ಬರಬೇಕು? ಶ್ವಾಸಕೋಶದಲ್ಲಿ ನ್ಯುಮೋನಿಯಾ ಇದ್ದರೂ ಎಕ್ಸ್‌ರೇ ಸ್ವಚ್ಛವಾಗಿ ಕಾಣಬಹುದು. ಮೂತ್ರದಲ್ಲಿ ಸೋಂಕಿದ್ದರೂ ಕೀವಿನ ಕಣ ಸಿಗದಿರಬಹುದು. ಕಳ್ಳ ಮನೆಯೊಳಗಿದ್ದಾನೆ, ನಾಯಿ ಇಲ್ಲ, ಅದಕ್ಕೇ ಬೊಗಳುವ ಸದ್ದಿಲ್ಲ. ಎಷ್ಟೋ ಸಲ ಉಳಿಯುವ ಸುಳಿವು ಒಂದೇ, ಜ್ವರ. ಆಸ್ಪತ್ರೆಯ ದೊಡ್ಡ ಡಾಕ್ಟರು ಮೊದಲನೇ ದಿನವೇ ಅತ್ತಿಗೆಗೆ ಹೇಳಿದ್ದರು, "ಅಮ್ಮಾ, ನೀವು ಥರ್ಮಾಮೀಟರ್ ನಂಬಿ, ಮುಖ ನೋಡಿ ನಂಬಬೇಡಿ." ಆಗ ಅದು ಮಾಮೂಲಿ ಮಾತು ಅನ್ನಿಸಿತ್ತು.

ಮೊದಲನೇ ರೌಂಡಿನಲ್ಲಿ ನಮಗೆ ಗಂಟುಬಿದ್ದದ್ದು ಬೂಷ್ಟು. ಜ್ವರ ಬಂತು, ಆಂಟಿಬಯಾಟಿಕ್ ಹಾಕಿದರು, ಐದು ದಿನ ಆದರೂ ಇಳಿಯಲಿಲ್ಲ. ಎದೆಯ ಸಿಟಿ ಸ್ಕ್ಯಾನ್ ಮಾಡಿಸಿದಾಗ ಬಲಗಡೆ ಎರಡು ಗಂಟು, ಸುತ್ತ ಮಂಜು ಕವಿದ ಹಾಗೆ. ಆಸ್ಪರ್ಜಿಲಸ್ ಇರಬಹುದು ಅಂದರು. ಇದು ಎಲ್ಲೆಲ್ಲೂ ಇರುವ ಬೂಷ್ಟು. ಮಣ್ಣಲ್ಲಿ, ಕೊಳೆತ ಎಲೆಯಲ್ಲಿ, ಹಳೇ ಗೋಡೆ ಒಡೆದ ಧೂಳಲ್ಲಿ. ನಾವು ನೀವು ದಿನಾ ಉಸಿರಾಡ್ತೀವಿ, ಏನೂ ಆಗುವುದಿಲ್ಲ. ಕೌಂಟ್ ಇಲ್ಲದವರ ಎದೆಯಲ್ಲಿ ಅದು ಬೇರು ಬಿಡುತ್ತೆ. ಬೆಂಗಳೂರಿನಲ್ಲಿ ಕಟ್ಟಡ ಒಡೆಯದ ರಸ್ತೆ ಯಾವುದಿದೆ ಹೇಳಿ. ನಾವು ಹಿಡಿದಿದ್ದ ಬಾಡಿಗೆ ಮನೆಯ ಪಕ್ಕದ ಸೈಟಿನಲ್ಲೇ ಹಳೇ ಮನೆ ಕೆಡವುತ್ತಿದ್ದರು. ಅಲ್ಲಿಂದಲೇ ಬಂತು ಅಂತ ಯಾರೂ ಸಾಬೀತು ಮಾಡೋಕಾಗಲ್ಲ, ಆದರೂ ಎರಡನೇ ರೌಂಡಿಗೆ ಮುಂಚೆ ಅಡ್ವಾನ್ಸ್ ದುಡ್ಡು ಹೋದರೂ ಸರಿ ಅಂತ ಮನೆ ಬದಲಾಯಿಸಿದೆವು.

ಬೂಷ್ಟಿಗೆ ಕೊಟ್ಟದ್ದು ವೊರಿಕೊನಜೋಲ್. ಅದು ಏರಿದ ಅರ್ಧ ಗಂಟೆಗೆ ಅಣ್ಣ ಗೋಡೆ ನೋಡುತ್ತಾ, "ಏನೇ ಇದು, ಗೋಡೆ ಮೇಲೆ ದೀಪಾವಳಿ ಮಾಡ್ತಿದಾರೆ" ಅಂದ. ಅತ್ತಿಗೆ ಅಳೋಕೆ ಶುರು ಮಾಡಿದರು, ತಲೆಗೇ ಏರಿತು ಅಂತ. ನರ್ಸು ನಕ್ಕು, ಈ ಔಷಧಿಗೆ ಸ್ವಲ್ಪ ಹೊತ್ತು ಬಣ್ಣ ಬೆಳಕು ಕಾಣೋದು ಉಂಟು, ತಾನಾಗೇ ಹೋಗುತ್ತೆ ಅಂದರು. ಹೋಯಿತು. ಇಪ್ಪತ್ತಾರನೇ ದಿನ ಕೌಂಟ್ 600 ಬಂತು. ಇಡೀ ವಾರ್ಡಿಗೆ ಅತ್ತಿಗೆ ಮೈಸೂರ್ ಪಾಕ್ ಹಂಚಿದರು. ತಿನ್ನಬಾರದವರಿಗೂ ಕೊಟ್ಟು ನರ್ಸ್ ಹತ್ತಿರ ಬೈಸಿಕೊಂಡರು.

ಎರಡನೇ ರೌಂಡು ಬೇರೆ ಥರ. ಅದೇ ಸೈಟಾರಬಿನ್ನನ್ನು ಜಾಸ್ತಿ ಪ್ರಮಾಣದಲ್ಲಿ ಒಂದು ದಿನ ಬಿಟ್ಟು ಒಂದು ದಿನ ಕೊಡುತ್ತಾರೆ. ಕಣ್ಣು ಉರಿಯದ ಹಾಗೆ ದಿನವಿಡೀ ಕಣ್ಣಿಗೆ ಹನಿ ಹಾಕುತ್ತಿರಬೇಕು. ಆರನೇ ದಿನಕ್ಕೆ ಮನೆಗೆ ಕಳಿಸಿದರು. ಕೌಂಟ್ ಬೀಳುವುದು ಮನೆಯಲ್ಲಿ. ಆಸ್ಪತ್ರೆಯಿಂದ ಅರ್ಧ ಗಂಟೆ ದೂರದೊಳಗೆ ಇರಿ, ಎರಡು ದಿನಕ್ಕೊಮ್ಮೆ ರಕ್ತ ಪರೀಕ್ಷೆಗೆ ಬನ್ನಿ, 100.4 ದಾಟಿದರೆ ಎಷ್ಟು ಹೊತ್ತಾದರೂ ಹೊರಟು ಬನ್ನಿ ಅಂದರು. ಜ್ವರಕ್ಕೆ ಅಂತ ಡೋಲೋ ನುಂಗಿಸಬೇಡಿ ಅಂತಲೂ ಹೇಳಿದರು. ಈ ಕೊನೇ ಮಾತು ನಮ್ಮ ಜನಕ್ಕೆ ಬಹಳ ಕಷ್ಟ. ಮೈ ಬಿಸಿ ಅಂದ ತಕ್ಷಣ ಕೈ ಹೋಗುವುದೇ ಡೋಲೋಗೆ. ಆದರೆ ಇರುವ ಒಂದೇ ಸುಳಿವನ್ನೂ ಮಾತ್ರೆ ಹಾಕಿ ಅಳಿಸಿಬಿಟ್ಟರೆ ಇನ್ನೇನು ಉಳಿಯಿತು? ಮಕ್ಕಳಿಗೆ ಜಾಸ್ತಿ ಬರುವ ಇನ್ನೊಂದು ಬಗೆಯ ಬ್ಲಡ್ ಕ್ಯಾನ್ಸರ್ ಆದ ಎಎಲ್‌ಎಲ್‌ನಲ್ಲಿ ಸ್ಟಿರಾಯ್ಡ್ ಕೊಡುತ್ತಾರಲ್ಲ, ಅದೂ ಇದೇ ಥರ ಜ್ವರವನ್ನು ಮುಚ್ಚಿಡುತ್ತೆ. ಅಂಥ ಮಗು ಜ್ವರವೇ ಇಲ್ಲದೆ ಮಂಕಾಗಿ ಕೂತಿದ್ದರೂ ಡಾಕ್ಟರಿಗೆ ಫೋನ್ ಮಾಡಬೇಕು ಅಂತ ವಾರ್ಡಿನಲ್ಲಿ ಒಬ್ಬ ತಾಯಿಗೆ ಹೇಳುತ್ತಿದ್ದದ್ದನ್ನು ಕೇಳಿದ್ದೇನೆ.

ಅಮ್ಮನ ಗಮನ ಎಲ್ಲಾ ಅಡುಗೆ ಮನೆ ಮೇಲೆ. ಕುಕ್ಕರಿನಲ್ಲಿ ಬೆಂದದ್ದು, ಬಿಸಿಬಿಸಿ, ಇಳಿಸಿ ಒಂದು ಗಂಟೆಯೊಳಗೆ ತಟ್ಟೆಗೆ. ಹಸಿ ತೆಂಗಿನಕಾಯಿ ಚಟ್ನಿ ಬಂದ್. ಹಸಿ ಈರುಳ್ಳಿ ಬಂದ್, ಕೊತ್ತಂಬರಿ ಮೇಲೆ ಉದುರಿಸೋದು ಬಂದ್. ರಸ್ತೆ ಬದಿಯ ಎಳನೀರು ಬೇಡ ಅಂತ ಡಾಕ್ಟರೇ ಹೇಳಿದ್ದರು, ಎಳನೀರಲ್ಲಿ ದೋಷ ಇಲ್ಲ, ಕೊಚ್ಚುವ ಮಚ್ಚಿನಲ್ಲಿದೆ ಅಂತ. ತೆಂಗಿನ ಸೀಮೆಯವನಿಗೆ ಎಳನೀರು ಬೇಡ ಅಂದರೆ ಹೇಗಿರಬೇಡ. "ಇದಕ್ಕಿಂತ ಕ್ಯಾನ್ಸರೇ ವಾಸಿ" ಅಂತ ಗೊಣಗುತ್ತಿದ್ದ. ಆಮೇಲೆ ಓದಿದಾಗ ಗೊತ್ತಾಯಿತು, ಬೇಯಿಸಿದ್ದನ್ನೇ ತಿನ್ನಬೇಕಾ ಅನ್ನುವುದನ್ನು ಹ್ಯೂಸ್ಟನ್ನಿನ ಎಂ.ಡಿ. ಆಂಡರ್ಸನ್ ಆಸ್ಪತ್ರೆಯಲ್ಲಿ ಎಎಂಎಲ್ ರೋಗಿಗಳ ಮೇಲೇ ಪರೀಕ್ಷೆ ಮಾಡಿ ನೋಡಿದ್ದಾರೆ, 2008ರಲ್ಲಿ ಅದನ್ನು ಪ್ರಕಟಿಸಿದರು. ಒಂದು ಗುಂಪಿಗೆ ಹಸಿ ಹಣ್ಣು ತರಕಾರಿಯೂ ಉಂಟು, ಇನ್ನೊಂದಕ್ಕೆ ಎಲ್ಲಾ ಬೇಯಿಸಿದ್ದೇ. ದೊಡ್ಡ ಸೋಂಕುಗಳಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಹಾಗಂತ ನಮ್ಮ ನಲ್ಲಿ ನೀರಲ್ಲಿ ತೊಳೆದ ಸೌತೆಕಾಯಿ ಕೊಡಿ ಅಂತ ನಾನು ಹೇಳಲ್ಲ, ಹ್ಯೂಸ್ಟನ್ ನೀರೇ ಬೇರೆ. ಆದರೆ ಸೊಪ್ಪಿನ ಸಾರಲ್ಲಿ ಒಂದು ಹಸಿ ಎಲೆ ಸಿಕ್ಕಿತು ಅಂತ ಅತ್ತಿಗೆ ಒಂದು ರಾತ್ರಿ ಪೂರ್ತಿ ನಿದ್ದೆ ಮಾಡಿರಲಿಲ್ಲ. ಅಷ್ಟು ಹೆದರುವ ಅಗತ್ಯ ಇರಲಿಲ್ಲ ಅಂತ ಈಗ ಅನ್ನಿಸುತ್ತೆ.

ಮನೆಗೆ ಬರುವವರದು ಇನ್ನೊಂದು ಕಥೆ. ನಮ್ಮ ಕಡೆ ಯಾರಿಗಾದರೂ ಹುಷಾರಿಲ್ಲ ಅಂದರೆ ನೋಡಿಕೊಂಡು ಬರದಿದ್ದರೆ ತಪ್ಪು. ನೋಡೋಕೆ ಹೋದರೆ ಬರಿಗೈಲಿ ಹೋಗುವ ಹಾಗಿಲ್ಲ. ಬೇಡ ಅಂತ ಎಲ್ಲರಿಗೂ ಫೋನಿನಲ್ಲೇ ಹೇಳಿದ್ದೆವು. ಅಣ್ಣನ ಮಗನಿಗೆ ನಾಲ್ಕು ವರ್ಷ, ಅವನನ್ನು ಶಾಲೆ ಬಿಡಿಸಿ ಊರಲ್ಲೇ ಅಜ್ಜಿ ಮನೆಯಲ್ಲಿ ಬಿಟ್ಟಿದ್ದೆವು. ಪಲ್ಸ್ ಪೋಲಿಯೋ ಬಂದಾಗ ಕೇಳಿದರೆ, ಅವನು ಅಪ್ಪನ ಜೊತೆ ಇರುವ ಹಾಗಿದ್ದರೆ ಬಾಯಿಗೆ ಹಾಕುವ ಹನಿ ಬೇಡ, ಅದರಲ್ಲಿ ಬಲ ಕುಂದಿಸಿದ ಜೀವಂತ ವೈರಸ್ ಇರುತ್ತೆ, ಮಗುವಿನ ಮಲದಲ್ಲಿ ಕೆಲವು ವಾರ ಹೊರಗೆ ಬರುತ್ತೆ ಅಂದರು. ಮಗುವಿಗೆ ಲಸಿಕೆಯೇ ಬೇಡ ಅಂತಲ್ಲ, ಇಂಜೆಕ್ಷನ್ ಪೋಲಿಯೋ ಲಸಿಕೆಯಲ್ಲಿ ಈ ತೊಂದರೆ ಇಲ್ಲ. ಇಂಥದ್ದನ್ನೆಲ್ಲ ಕೇಳದೆ ಯಾರೂ ತಾವಾಗಿ ಹೇಳುವುದಿಲ್ಲ.

ಇಷ್ಟೆಲ್ಲ ಬಂದೋಬಸ್ತು ಮಾಡಿಕೊಂಡಿದ್ದಾಗ ಹನ್ನೆರಡನೇ ದಿನ ಮಧ್ಯಾಹ್ನ ತಿಪಟೂರಿನಿಂದ ಚಿಕ್ಕಮ್ಮ ಬಂದರು. ಹೇಳದೆ ಕೇಳದೆ. ಅಮ್ಮನ ಸ್ವಂತ ತಂಗಿ. ಅಣ್ಣನನ್ನು ಎತ್ತಿ ಆಡಿಸಿದವರು. ಕೈಯಲ್ಲಿ ಒಂದು ಡಬ್ಬಿ ನಿಪ್ಪಟ್ಟು, ಒಂದು ಡಬ್ಬಿ ಕೊಬ್ಬರಿ ಮಿಠಾಯಿ, ಪೇಪರಿನಲ್ಲಿ ಕಟ್ಟಿದ ಜೇನುಕಲ್ ಸಿದ್ದೇಶ್ವರನ ವಿಭೂತಿ. ನಾನು ಬಾಗಿಲಲ್ಲೇ ಮಾಸ್ಕ್ ಕೊಟ್ಟೆ, ಹಾಕಿಕೊಂಡರು. ಒಳಗೆ ಹೋದವರು ಅಣ್ಣನ ಬೋಳು ತಲೆ ನೋಡಿದ್ದೇ ತಡ, ಮಾಸ್ಕ್ ಕೆಳಗೆ ಎಳೆದು ಹೋ ಅಂತ ಅತ್ತರು. ಹಣೆಗೆ ವಿಭೂತಿ ಹಚ್ಚಿದರು. ಕೈ ಹಿಡಿದುಕೊಂಡು ಅರ್ಧ ಗಂಟೆ ಕೂತರು. ಸೆರಗಿನಲ್ಲಿ ಮೂಗು ಒರೆಸಿಕೊಂಡರು. ಅಮ್ಮ ಬಾಗಿಲ ಹತ್ತಿರ ನಿಂತು ಹಲ್ಲು ಕಚ್ಚಿಕೊಂಡು ನೋಡುತ್ತಿದ್ದಳು. ಅವರು ಹೋದ ಮೇಲೆ ಡೆಟಾಲ್ ಹಾಕಿ ಇಡೀ ರೂಮು ಒರೆಸಿದಳು.

ಮಾರನೇ ದಿನ ರಾತ್ರಿ ಅಣ್ಣ ಎದ್ದು ಇನ್ನೊಂದು ಕಂಬಳಿ ಕೇಳಿದ. ಏಪ್ರಿಲ್ ತಿಂಗಳು, ನಾವು ಫ್ಯಾನ್ ಹಾಕಿಕೊಂಡು ಬೆವರುತ್ತಿದ್ದೆವು. ಅಮ್ಮ ಹಣೆ ಮುಟ್ಟಿ ನೋಡಿ, "ಅಷ್ಟೇನಿಲ್ಲ" ಅಂದಳು. ಥರ್ಮಾಮೀಟರ್ ಇಟ್ಟೆವು. 100.9. ಅಣ್ಣ, "ಏನಿಲ್ಲ ಕಣೇ, ಬೆಳಗ್ಗೆ ಹೋಗೋಣ, ಚೆನ್ನಾಗೇ ಇದೀನಿ" ಅಂದ. ನಿಜಕ್ಕೂ ಚೆನ್ನಾಗೇ ಇದ್ದ. ತಾನೇ ಅಂಗಿ ಹಾಕಿಕೊಂಡ, ಮೆಟ್ಟಿಲಿಳಿದ, ಕಾರಿನಲ್ಲಿ ಮುಂದೆ ಕೂತ. 1.05ಕ್ಕೆ ಹೊರಟು ಒಂದೂವರೆಗೆ ಆಸ್ಪತ್ರೆ ಬಾಗಿಲಲ್ಲಿದ್ದೆವು.

ಆಮೇಲೆ ಆದದ್ದಕ್ಕೆ ನನಗೆ ಇವತ್ತಿಗೂ ಸಿಟ್ಟಿದೆ, ಆಸ್ಪತ್ರೆಯ ಹೆಸರು ಬೇಡ. ಎಮರ್ಜೆನ್ಸಿಯಲ್ಲಿ ಅವತ್ತು ಒಂದು ಆಕ್ಸಿಡೆಂಟ್ ಕೇಸ್ ಬಂದಿತ್ತು, ರಕ್ತ, ಕೂಗಾಟ. ನಡೆದುಕೊಂಡು ಬಂದವನು ಯಾರ ಕಣ್ಣಿಗೂ ರೋಗಿ ಥರ ಕಾಣಲಿಲ್ಲ. ಹುಡುಗ ಡಾಕ್ಟರೊಬ್ಬರು ಬಂದು, "ನೂರು ತಾನೇ, ಕೂತ್ಕೊಳ್ಳಿ, ಮೊದಲು ಬಿಲ್ಲಿಂಗ್ ಮಾಡ್ಸಿ" ಅಂದರು. ಕೀಮೋ ರೋಗಿ, ಹದಿಮೂರನೇ ದಿನ, ಕೌಂಟ್ ನಿನ್ನೆ 40 ಇತ್ತು ಅಂತ ಎರಡು ಸಲ ಹೇಳಿದೆ. "ಆಯ್ತು ಮೇಡಂ, ನೋಡ್ತೀವಿ" ಅಂದರು. ಬಿಲ್ಲಿಂಗಿನಲ್ಲಿ ಕಂಪ್ಯೂಟರ್ ನಿಧಾನ. ಗೋಡೆ ಗಡಿಯಾರದ ಮುಳ್ಳು ನೋಡುತ್ತಾ ನಿಂತಿದ್ದೆ. ಎರಡು ಹತ್ತಾದರೂ ಯಾರೂ ಬರಲಿಲ್ಲ. ಕೊನೆಗೆ ಮೇಲಿನ ವಾರ್ಡಿನಿಂದ ಏನೋ ತೆಗೆದುಕೊಂಡು ಹೋಗೋಕೆ ಬಂದ ನರ್ಸೊಬ್ಬರು ಅಣ್ಣನ ಗುರುತು ಹಿಡಿದರು. "ಇವರನ್ನ ಯಾಕೆ ಇಲ್ಲಿ ಕೂರಿಸಿದೀರಾ" ಅಂತ ಗದರಿದ ಸದ್ದಿಗೆ ಆ ಕಡೆಯಿಂದ ಇಬ್ಬರು ಓಡಿ ಬಂದರು. ಔಷಧಿ ಕೊಡೋಕೆ ಅಂತ ತೋಳಿನ ನರದಲ್ಲಿ ಇಟ್ಟಿದ್ದ ಪಿಕ್ ಲೈನ್ ಅನ್ನೋ ಕೊಳವೆಯ ಎರಡೂ ಬಾಯಿಂದ, ಇನ್ನೊಂದು ಕೈಯ ನರದಿಂದ, ಹೀಗೆ ಬೇರೆ ಬೇರೆ ಬಾಟಲಿಗೆ ಕಲ್ಚರಿಗೆ, ಅಂದರೆ ಕ್ರಿಮಿ ಬೆಳೆಯುತ್ತಾ ಅಂತ ನೋಡೋಕೆ, ರಕ್ತ ತೆಗೆದರು. ಮೊದಲನೇ ಆಂಟಿಬಯಾಟಿಕ್ ತೂಗು ಹಾಕಿದಾಗ 2.35. ಬಂದು ಒಂದು ಗಂಟೆಯ ಮೇಲೆ ಐದು ನಿಮಿಷ. ಇಂಥವರಿಗೆ ಬಾಗಿಲಿಗೆ ಬಂದ ಒಂದು ಗಂಟೆಯೊಳಗೆ ಮೊದಲ ಡೋಸ್ ಹೋಗಬೇಕು ಅನ್ನುವುದು ವೈದ್ಯರೇ ಮಾಡಿಕೊಂಡಿರುವ ನಿಯಮ.

ಯಾಕೆ ಅಷ್ಟು ಅವಸರ ಅಂತ ಕೇಳಬಹುದು. ಹಿಂದೆ ಅವಸರ ಇರಲಿಲ್ಲ. ಕಲ್ಚರ್ ರಿಪೋರ್ಟ್ ಬರಲಿ, ಯಾವ ಕ್ರಿಮಿ ಅಂತ ನೋಡಿಕೊಂಡು ಔಷಧಿ ಕೊಡೋಣ ಅಂತ ಕಾಯುತ್ತಿದ್ದರು. ರಿಪೋರ್ಟ್ ಬರುವಷ್ಟರಲ್ಲಿ ಎಷ್ಟೋ ಜನ ಇರುತ್ತಿರಲಿಲ್ಲ. 1971ರಲ್ಲಿ ಬಾಲ್ಟಿಮೋರಿನಲ್ಲಿ ಸ್ಟೀಫನ್ ಶಿಂಫ್ ಮತ್ತು ಜೊತೆಯವರು, ಜ್ವರ ಬಂದ ತಕ್ಷಣ ಕ್ರಿಮಿಯ ಹೆಸರು ಗೊತ್ತಿಲ್ಲದಿದ್ದರೂ ಎರಡು ಆಂಟಿಬಯಾಟಿಕ್ ಶುರು ಮಾಡಿದರೆ ಜನ ಉಳಿಯುತ್ತಾರೆ ಅಂತ ತೋರಿಸಿದರು. ಈಗ ಎಲ್ಲೆಡೆ ಮಾಡುವುದು ಅದನ್ನೇ. ಮೊದಲು ಗುಂಡು ಹೊಡಿ, ಆಮೇಲೆ ಯಾರು ಅಂತ ಕೇಳು.

ಬೆಳಗ್ಗೆ ಐದಕ್ಕೆ ಅಣ್ಣನ ಬಿಪಿ 80ಕ್ಕೆ 50. ನಡೆದುಕೊಂಡು ಬಂದವನು ಮೂರೂವರೆ ಗಂಟೆಯಲ್ಲಿ ಕಣ್ಣು ಬಿಡುತ್ತಿರಲಿಲ್ಲ. ಐಸಿಯುಗೆ ಹಾಕಿದರು, ಆಂಟಿಬಯಾಟಿಕ್ ಬದಲಾಯಿಸಿ ಮೆರೊಪೆನೆಮ್ ಹಾಕಿದರು, ಬಿಪಿ ಏರಿಸುವ ಔಷಧಿ ಎರಡು ದಿನ ನಡೆಯಿತು. ಕಲ್ಚರ್ ಬಾಟಲು ಹನ್ನೊಂದು ಗಂಟೆಗೇ ಪಾಸಿಟಿವ್ ಆಯಿತು. ಐಸಿಯು ಹೊರಗೆ ಬೆಂಚಿನ ಮೇಲೆ ಕೂತಿದ್ದ ಅಮ್ಮನಿಗೆ ಉತ್ತರ ಮೊದಲೇ ಗೊತ್ತಿತ್ತು. "ಅವಳೇ ತಂದಿದ್ದು. ನೆಗಡಿ ಇಟ್ಕೊಂಡು ಬಂದಿದ್ಲು." ಚಿಕ್ಕಮ್ಮ ಫೋನ್ ಮಾಡಿದರೆ ಎತ್ತಲಿಲ್ಲ. ನಾನೂ ಎತ್ತಲಿಲ್ಲ. ಅಷ್ಟೇ ಅಲ್ಲ, ನೀವು ಬರಬಾರದಿತ್ತು ಅಂತ ಒಂದು ಸಾಲು ಮೆಸೇಜ್ ಕಳಿಸಿದೆ. ಅದನ್ನು ಬರೆಯೋಕೆ ಈಗ ನಾಚಿಕೆ ಆಗುತ್ತೆ.

ಎರಡು ದಿನ ಆದ ಮೇಲೆ ಕ್ರಿಮಿಯ ಹೆಸರು ಬಂತು. ಇ ಕೋಲೈ. ಮೊದಲು ಕೊಟ್ಟ ಔಷಧಿಗೆ ಬಗ್ಗದ ಜಾತಿ, ಎರಡನೆಯದಕ್ಕೆ ಬಗ್ಗಿತು. ನಮ್ಮ ದೇಶದಲ್ಲಿ ಆಂಟಿಬಯಾಟಿಕ್‌ಗೆ ಬಗ್ಗದ ಇಂಥವು ಬಹಳ. ಮೆಡಿಕಲ್ ಶಾಪಿನಲ್ಲಿ ಚೀಟಿ ಇಲ್ಲದೆ ಅರ್ಧ ಸ್ಟ್ರಿಪ್ ಕೊಂಡು ನುಂಗುವುದು ನಾವೇ ಅಲ್ವಾ. ಡಾಕ್ಟರು ರೌಂಡ್ಸಿಗೆ ಬಂದವರು ಅಣ್ಣನನ್ನು ನೇರ ಕೇಳಿದರು, "ಮೋಷನ್ ಹೋಗುವಾಗ ನೋವಿದೆಯಾ?" ಅಣ್ಣ ಮಾತಾಡಲಿಲ್ಲ. ನನ್ನ ಕಡೆ ಒಂದು ಸಲ, ಗೋಡೆ ಕಡೆ ಒಂದು ಸಲ ನೋಡಿದ. ಡಾಕ್ಟರಿಗೆ ಅರ್ಥವಾಯಿತು, ನನ್ನನ್ನು ಹೊರಗೆ ನಿಲ್ಲಿ ಅಂದರು.

ಆದದ್ದು ಇಷ್ಟು. ವಾಂತಿ ನಿಲ್ಲಲಿ ಅಂತ ಕೊಡುವ ಒಂಡಾನ್‌ಸೆಟ್ರಾನ್ ಮಾತ್ರೆಗೆ ಮಲ ಕಟ್ಟುತ್ತೆ. ಅಣ್ಣನಿಗೆ ನಾಲ್ಕು ದಿನ ಕಟ್ಟಿತ್ತು. ತಿಣುಕಿ ಹೋದಾಗ ಅಲ್ಲಿ ಸಣ್ಣಗೆ ಸೀಳಿತು. ಮೂರು ದಿನದಿಂದ ನೋವು, ಕೂರೋಕೂ ಕಷ್ಟ. ಯಾರಿಗೂ ಹೇಳಲಿಲ್ಲ. ತಂಗಿ ಹತ್ತಿರ ಹೇಗೆ ಹೇಳೋದು, ಅಮ್ಮನ ಹತ್ತಿರ ಹೇಗೆ ಹೇಳೋದು. ಅತ್ತಿಗೆಗೂ ಹೇಳಿರಲಿಲ್ಲ, ಅವಳು ಮೊದಲೇ ಹೆದರಿದ್ದಾಳೆ ಅಂತ. ಡಾಕ್ಟರು ಹೊರಗಿನಿಂದಲೇ ನೋಡಿದರಂತೆ. ಕೌಂಟ್ ಇಲ್ಲದಾಗ ಬೆರಳು ಹಾಕಿ ನೋಡುವ ಪರೀಕ್ಷೆಯಾಗಲಿ, ಎನಿಮಾ ಆಗಲಿ ಮಾಡುವ ಹಾಗಿಲ್ಲ, ಅದರಿಂದಲೇ ಕ್ರಿಮಿ ರಕ್ತಕ್ಕೆ ನುಗ್ಗುತ್ತೆ. ಕೆಂಪು ಇರಲಿಲ್ಲ, ಬಾವು ಇರಲಿಲ್ಲ, ಒಂದು ಕೂದಲೆಳೆ ಸೀಳು ಅಷ್ಟೇ. ಆದರೆ ಇಪ್ಪತ್ತೆರಡನೇ ದಿನ ಕೌಂಟ್ ಏರಿತಲ್ಲ, ಅವತ್ತೇ ಆ ಜಾಗ ನಿಂಬೆಹಣ್ಣಿನಷ್ಟು ಊದಿ, ಕೆಂಪಾಗಿ, ಕೀವು ಕಟ್ಟಿತು. ಸೈನಿಕರು ಬಂದರು, ಗಲಾಟೆ ಶುರುವಾಯಿತು. ಅಣ್ಣ ನೋವಿಗೆ ಕೂಗುತ್ತಿದ್ದರೆ ಡಾಕ್ಟರು ನಗುತ್ತಾ, "ಇದು ಒಳ್ಳೇ ಸುದ್ದಿ ಕಣಪ್ಪಾ" ಅಂದರು.

ಹೊರಗೆ ಬಂದು ಡಾಕ್ಟರು ನನಗೂ ಅಮ್ಮನಿಗೂ ಕಾರಿಡಾರಿನಲ್ಲೇ ವಿವರಿಸಿದರು. ಇ ಕೋಲೈ ನಮ್ಮೆಲ್ಲರ ಕರುಳಲ್ಲಿ ಹುಟ್ಟಿದಾಗಿನಿಂದ ಇದೆ. ನಿಮ್ಮ ಮಗನ ಕರುಳಲ್ಲಿ ನಲವತ್ತೆರಡು ವರ್ಷದಿಂದ ಇತ್ತು. ಕಿಮೋ ಬಾಯಿಂದ ಕೆಳಗಿನ ತನಕ ಒಳಪದರವನ್ನೆಲ್ಲ ಸವೆಸುತ್ತೆ, ಬಾಯಿ ಹುಣ್ಣು ಕಣ್ಣಿಗೆ ಕಾಣುತ್ತೆ, ಕರುಳಿನದು ಕಾಣಲ್ಲ. ಗೋಡೆ ತೆಳ್ಳಗಾದ ಕಡೆಯಿಂದ ಅವು ರಕ್ತಕ್ಕೆ ದಾಟುತ್ತವೆ. ಕೌಂಟ್ ಇಲ್ಲದವರಲ್ಲಿ ರಕ್ತಕ್ಕೆ ಸೇರುವ ಬ್ಯಾಕ್ಟೀರಿಯಾ ಬಹಳಷ್ಟು ಸಲ ಬರುವುದು ಹೀಗೆ, ರೋಗಿಯ ಮೈಯಿಂದಲೇ. ನೋಡೋಕೆ ಬಂದವರಿಂದ ನೆಗಡಿ, ಫ್ಲೂ, ಸೀತಾಳೆ ಸಿಡುಬು ಇಂಥವು ಬರಬಹುದು, ಅದೂ ಅಪಾಯವೇ, ಅದಕ್ಕೇ ಬೇಡ ಅನ್ನುವುದು. ಆದರೆ ಇದು ಅದಲ್ಲ.

ಅಮ್ಮ ಎಲ್ಲಾ ಕೇಳಿಸಿಕೊಂಡು ಕೊನೆಗೆ ಕೇಳಿದ್ದು ಒಂದೇ ಮಾತು. "ಹಂಗಾದ್ರೆ ಅವಳಿಂದ ಅಲ್ವಾ?"

"ಯಾರಿಂದ?" ಅಂದರು ಡಾಕ್ಟರು.

ಅಮ್ಮ ತಲೆ ಅಲ್ಲಾಡಿಸಿ ಸುಮ್ಮನಾದಳು.

ಆಮೇಲಿನ ಎರಡು ರೌಂಡಿನಲ್ಲಿ ನಾವು ಮಾಡಿಕೊಂಡ ಬದಲಾವಣೆ ದೊಡ್ಡದೇನಲ್ಲ. ಮೊದಲ ದಿನದಿಂದಲೇ ಮಲ ಸಡಿಲಾಗುವ ಸಿರಪ್, ಅದೂ ಡಾಕ್ಟರನ್ನು ಕೇಳಿ. ದಿನಾ ಎರಡು ಸಲ ಟಬ್ಬಿನಲ್ಲಿ ಉಗುರುಬೆಚ್ಚಗಿನ ನೀರು ಹಾಕಿ ಹತ್ತು ನಿಮಿಷ ಕೂರುವುದು. ಮೆತ್ತನೆ ಬ್ರಷ್, ಉಪ್ಪು ಸೋಡಾ ನೀರಲ್ಲಿ ಬಾಯಿ ಮುಕ್ಕಳಿಸುವುದು, ಬೇವಿನ ಕಡ್ಡಿ ಬಂದ್. ಅತ್ತಿಗೆ ರಾತ್ರಿ ಮಲಗುವ ಮುಂಚೆ ಕೇಳುವ ಪ್ರಶ್ನೆ ನೋಟ್‌ಬುಕ್ಕಿನಲ್ಲಿ ಒಂದು ಕಾಲಂ ಆಯಿತು: ಬಾಯಿ, ಕೆಮ್ಮು, ಹೊಟ್ಟೆ, ಉಚ್ಚೆ, ಹಿಂದುಗಡೆ. ಕೊನೆಯದಕ್ಕೆ ಅಣ್ಣ ಮೊದಮೊದಲು ಮುಖ ಕೆಂಪು ಮಾಡಿಕೊಳ್ಳುತ್ತಿದ್ದ, ಆಮೇಲೆ ಹವಾಮಾನ ವರದಿ ಓದಿದ ಹಾಗೆ ಗಟ್ಟಿಯಾಗಿ ಹೇಳುತ್ತಿದ್ದ. ನಿಮ್ಮ ಮನೆಯಲ್ಲಿ ಕಿಮೋ ನಡೆಯುತ್ತಿರುವ ಗಂಡಸರಿದ್ದರೆ ಇದೊಂದನ್ನು ದಯವಿಟ್ಟು ಬಾಯಿಬಿಟ್ಟು ಕೇಳಿ. ಅವರಾಗಿ ಹೇಳುವುದಿಲ್ಲ. ಹೆಂಗಸರೂ ಹೇಳುವುದಿಲ್ಲ.

ಇನ್ನೊಂದು ಕಾಗದ. ಆಸ್ಪತ್ರೆಯವರನ್ನು ಕೇಳಿ ಅವರದೇ ಲೆಟರ್‌ಹೆಡ್ಡಿನಲ್ಲಿ ನಾಲ್ಕು ಸಾಲು ಬರೆಸಿಕೊಂಡೆವು, ರೋಗಿಗೆ ಎಎಂಎಲ್, ಕಿಮೋ ಮುಗಿದ ತಾರೀಕು ಇದು, ಜ್ವರ ಬಂದರೆ ಕಲ್ಚರ್ ತೆಗೆದು ಕೂಡಲೇ ಈ ಆಂಟಿಬಯಾಟಿಕ್ ಕೊಡಿ ಅಂತ. ಲ್ಯಾಮಿನೇಷನ್ ಮಾಡಿಸಿ ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಇಟ್ಟೆವು. ಮೂರನೇ ರೌಂಡಿನಲ್ಲಿ ಮತ್ತೆ ಜ್ವರ ಬಂದಾಗ ಎಮರ್ಜೆನ್ಸಿಯಲ್ಲಿ ಬೇರೆ ಮುಖಗಳು. ಮಾತಾಡದೆ ಕಾಗದ ಮುಂದೆ ಹಿಡಿದೆ. ಇಪ್ಪತ್ತು ನಿಮಿಷಕ್ಕೆ ಔಷಧಿ ಏರುತ್ತಿತ್ತು. ಆ ಸಲ ಕಲ್ಚರಿನಲ್ಲಿ ಏನೂ ಬೆಳೆಯಲಿಲ್ಲ, ಎಷ್ಟೋ ಸಲ ಹಾಗೇ ಅಂತೆ.

ಚಿಕ್ಕಮ್ಮನಿಗೆ ನಾನು ಫೋನ್ ಮಾಡಿದ್ದು ಅಣ್ಣ ಐಸಿಯುನಿಂದ ವಾರ್ಡಿಗೆ ಬಂದ ಮೇಲೆ. ನಿಮ್ಮಿಂದ ಬಂದದ್ದಲ್ಲ, ಅವನ ಹೊಟ್ಟೆಯದೇ ಅಂತೆ ಅಂದೆ. ಆ ಕಡೆ ತುಂಬಾ ಹೊತ್ತು ಮಾತಿಲ್ಲ. ಆಮೇಲೆ, "ಅವತ್ತಿಂದ ಸಿದ್ದೇಶ್ವರನ ಬೆಟ್ಟ ಹತ್ತಿಲ್ಲ ಕಣವ್ವಾ, ಯಾವ ಮುಖ ಇಟ್ಕೊಂಡು ಹೋಗ್ಲಿ ಅಂತ" ಅಂದರು. ನನ್ನ ಮೆಸೇಜಿನ ಬಗ್ಗೆ ಒಂದು ಮಾತೂ ಆಡಲಿಲ್ಲ. ಅಮ್ಮನಿಗೆ ಫೋನ್ ಕೊಟ್ಟೆ. ಅಕ್ಕ ತಂಗಿ ಇಬ್ಬರೂ ಕೊಬ್ಬರಿ ರೇಟಿನ ಬಗ್ಗೆ ಹತ್ತು ನಿಮಿಷ ಮಾತಾಡಿ ಇಟ್ಟರು.

ಅಣ್ಣನ ಕಿಮೋ ಮುಗಿದು ಎರಡು ವರ್ಷ ಆಗುತ್ತಾ ಬಂತು. ಮೂರು ತಿಂಗಳಿಗೊಮ್ಮೆ ರಕ್ತ ತೋರಿಸಿಕೊಂಡು ಬರುತ್ತಾನೆ, ಕೌಂಟ್ ನಮ್ಮ ನಿಮ್ಮ ಹಾಗೇ ಇದೆ. ಈ ಯುಗಾದಿಗೆ ಚಿಕ್ಕಮ್ಮ ಅರಸೀಕೆರೆ ಮನೆಗೆ ಬಂದಿದ್ದರು. ಒಳಗೆ ಬರುವ ಮುಂಚೆ ಹಿತ್ತಲ ನಲ್ಲಿ ಹತ್ತಿರ ಹೋಗಿ ಸೋಪು ಹಾಕಿ ಕೈ ಉಜ್ಜುತ್ತಾ ನಿಂತರು, ಮೊಣಕೈ ತನಕ. ಅಣ್ಣ ಜಗುಲಿ ಮೇಲೆ ಎಳನೀರು ಕುಡಿಯುತ್ತಾ, "ಈಗ ಏನೂ ಆಗಲ್ಲ ಬಾ ಚಿಕ್ಕಮ್ಮ, ಕೌಂಟ್ ನಾಲ್ಕು ಸಾವಿರ ಐತೆ" ಅಂದ. "ಸುಮ್ನಿರೋ" ಅಂದರು, ಇನ್ನೊಂದು ಸಲ ಸೋಪು ಹಾಕಿದರು.